ಕಾಲೇಜು ಮಧ್ಯದಲ್ಲೇ ಬಿಟ್ಟ ಸ್ಯಾಮ್ಯುಯೆಲ್

ಯೌವನಸ್ಥರ ಕೂಟದ ಸಂದೇಶ

ಹಿಂದೆ ಗೋಡೆಗೆ ಒರಗಿ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ಇವತ್ತು ಒಬ್ಬ ಮನುಷ್ಯನ ಜೀವನ ಹೇಳ್ತೀನಿ. ಯಾಕೆ ಅಂತ ಮೊದಲೇ ಹೇಳಿಬಿಡ್ತೀನಿ. ನಮ್ಮ ಕೂಟದಲ್ಲೇ ಒಬ್ಬರು ಕಾಲೇಜು ನಿಲ್ಲಿಸಿ ಎರಡು ತಿಂಗಳಾಗಿದೆ. ನಮಗೆ ಗೊತ್ತಾಗಿದ್ದು ಮೊನ್ನೆ, ಅದೂ ಬೇರೆಯವರ ಬಾಯಿಂದ. ಎರಡು ತಿಂಗಳು ಅವರು ಇಲ್ಲಿ ಬಂದು ಹಾಡಿದ್ದಾರೆ, ನಗ್ತಾ ಹಸ್ತಲಾಘವ ಮಾಡಿದ್ದಾರೆ, ಪರೀಕ್ಷೆಗೆ ಪ್ರಾರ್ಥನೆ ಕೇಳಿದಾಗ ಕೈ ಕೂಡ ಎತ್ತಿದ್ದಾರೆ. ಹೆಸರು ಹೇಳಲ್ಲ. ಅವರ ಹತ್ತಿರ ಮಾತಾಡಿ, ಇಷ್ಟು ಹೇಳೋಕೆ ಒಪ್ಪಿಗೆ ತಗೊಂಡಿದ್ದೀನಿ. ನನಗೆ ಬೇಜಾರಾಗಿದ್ದು ಕಾಲೇಜು ಬಿಟ್ಟಿದ್ದಕ್ಕಲ್ಲ. ಎರಡು ತಿಂಗಳು ನಮ್ಮ ಮುಂದೆ ನಾಟಕ ಆಡಬೇಕಾಯ್ತಲ್ಲ, ಅದಕ್ಕೆ.

ನಾನು ಹೇಳೋ ಮನುಷ್ಯನ ಹೆಸರೂ ಸ್ಯಾಮ್ಯುಯೆಲ್. ಸತ್ಯವೇದದ ಸಮುವೇಲ ಅಲ್ಲ, ಸ್ಯಾಮ್ಯುಯೆಲ್ ಜಾನ್ಸನ್. ಇಂಗ್ಲಿಷ್ ಭಾಷೆಗೆ ದೊಡ್ಡ ನಿಘಂಟು ಮಾಡಿದವರು. ಇಂಗ್ಲಿಷ್ ಲಿಟರೇಚರ್ ಓದಿರೋರಿಗೆ ಡಾಕ್ಟರ್ ಜಾನ್ಸನ್ ಅಂದರೆ ತಕ್ಷಣ ಗೊತ್ತಾಗುತ್ತೆ. ಆ ಡಾಕ್ಟರ್ ಅನ್ನೋ ಪದದ ಹಿಂದೆ ಏನಿತ್ತು ಅಂತ ಬಹಳ ಜನ ಯೋಚನೆ ಮಾಡಲ್ಲ.

ಹುಟ್ಟಿದ್ದು 1709ರಲ್ಲಿ, ಇಂಗ್ಲೆಂಡಿನ ಲಿಚ್‌ಫೀಲ್ಡ್ ಅನ್ನೋ ಊರಲ್ಲಿ. ತಂದೆ ಮೈಕೆಲ್ ಜಾನ್ಸನ್, ಪುಸ್ತಕದ ವ್ಯಾಪಾರಿ. ಕೆಳಗೆ ಅಂಗಡಿ, ಮೇಲೆ ಮನೆ. ಊರಲ್ಲಿ ಮರ್ಯಾದೆ ಇದ್ದ ಮನುಷ್ಯ, ಆದರೆ ಸಾಲ ತೀರುತ್ತಾ ಇರಲಿಲ್ಲ. ಹಾಲು ಕುಡಿಯೋ ವಯಸ್ಸಲ್ಲೇ ಮಗುವಿಗೆ ಗಂಡಮಾಲೆ ಬಂತು, ಅಂದರೆ ಕುತ್ತಿಗೆಯ ಗ್ರಂಥಿಗಳಿಗೆ ಬರೋ ಕ್ಷಯ. ಎಡಗಣ್ಣು ಹೆಚ್ಚುಕಡಿಮೆ ಹೋಯ್ತು, ಕಿವಿ ಮಂದವಾಯ್ತು, ಕುತ್ತಿಗೆ ಮೇಲೆ ಗಾಯದ ಗುರುತು ಕೊನೆಯವರೆಗೂ ಉಳೀತು. ರಾಜರು ರಾಣಿಯರು ಮುಟ್ಟಿದರೆ ಆ ರೋಗ ವಾಸಿಯಾಗುತ್ತೆ ಅಂತ ಆಗಿನ ಜನ ನಂಬಿದ್ದರು. 1712ರಲ್ಲಿ, ಎರಡೂವರೆ ವರ್ಷದ ಮಗುವನ್ನ ತಾಯಿ ಲಂಡನ್‌ಗೆ ಕರ್ಕೊಂಡು ಹೋದರು. ಆನ್ ರಾಣಿ ಮುಟ್ಟಿದರು, ಒಂದು ಚಿನ್ನದ ಪದಕ ಕೊಟ್ಟರು. ರೋಗ ವಾಸಿಯಾಗಲಿಲ್ಲ. ಆದರೂ ಅವನು ಆ ಪದಕವನ್ನ ಜೀವನಪೂರ್ತಿ ಕುತ್ತಿಗೆಯಲ್ಲಿ ಹಾಕ್ಕೊಂಡಿದ್ದ.

ನಮ್ಮ ಸಭೆಯಲ್ಲಿ ರೋಗಿಗಳಿಗಾಗಿ ಕೈಯಿಟ್ಟು ಪ್ರಾರ್ಥಿಸ್ತೀವಿ. ವಾಸಿಯಾದವರನ್ನ ನಾನು ನೋಡಿದ್ದೀನಿ, ಆಗದವರನ್ನೂ ನೋಡಿದ್ದೀನಿ. ವಾಸಿಯಾದವರಿಗೆ ಮೈಕ್ ಸಿಗುತ್ತೆ, ಆಗದವರಿಗೆ ಹಿಂದಿನ ಕುರ್ಚಿ ಸಿಗುತ್ತೆ. ಇದು ಸರಿಯಲ್ಲ ಅಂತ ನನಗೆ ಅನ್ಸುತ್ತೆ. ಇರಲಿ, ಕಥೆಗೆ ಬರ್ತೀನಿ.

ಹುಡುಗ ದೊಡ್ಡವನಾದ ಹಾಗೆ ಇನ್ನೊಂದು ತೊಂದರೆ ಶುರುವಾಯ್ತು. ಕೈ, ತಲೆ, ಮುಖ ತಾನಾಗೇ ಅಲ್ಲಾಡೋದು, ಬಾಯಿಂದ ಸದ್ದು ಬರೋದು. ಟುರೆಟ್ ಸಿಂಡ್ರೋಮ್ ಇದ್ದಿರಬಹುದು ಅಂತ ಇವತ್ತಿನ ಅನೇಕ ವೈದ್ಯರು ಹೇಳ್ತಾರೆ. ಆಗ ಅದಕ್ಕೆ ಹೆಸರೂ ಇರಲಿಲ್ಲ. ಜನ ನೋಡಿ ನಗ್ತಿದ್ದರು. ಆದರೆ ಓದು? ಅಪ್ಪನ ಅಂಗಡಿಯಲ್ಲಿ ಮಾರೋಕೆ ಇಟ್ಟಿದ್ದ ಪುಸ್ತಕಗಳನ್ನೆಲ್ಲ ಕುಡಿದುಬಿಟ್ಟಿದ್ದ.

ಯೂನಿವರ್ಸಿಟಿಗೆ ಕಳಿಸೋಕೆ ದುಡ್ಡಿರಲಿಲ್ಲ. ಅಷ್ಟರಲ್ಲಿ ತಾಯಿಯ ಸಂಬಂಧಿಯೊಬ್ಬರು ತೀರಿಕೊಂಡು, ತಾಯಿಗೆ 40 ಪೌಂಡ್ ಬಂತು. ಆ ಹಣದ ಧೈರ್ಯದ ಮೇಲೆ 1728ರ ಅಕ್ಟೋಬರ್ 31ರಂದು ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜಿಗೆ ಸೇರಿದ. ವಯಸ್ಸು 19. ಅಪ್ಪನೇ ಜೊತೆಗೆ ಹೋಗಿ ಬಿಟ್ಟು ಬಂದ. ಅಧ್ಯಾಪಕರ ಮುಂದೆ ಮಗನ ಓದಿನ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡನಂತೆ, ಮಗ ಪಕ್ಕದಲ್ಲೇ ಸುಮ್ಮನೆ ಕೂತಿದ್ದನಂತೆ. ಅಡ್ಮಿಷನ್ ದಿನ ನಮ್ಮ ಅಪ್ಪಂದಿರು ಮಾಡೋದೂ ಅದೇ ಅಲ್ವಾ.

ಕಾಲೇಜಿನ ಹೆಬ್ಬಾಗಿಲ ಮೇಲೆ ಅವನ ರೂಮು. ಕ್ಲಾಸಿಗೆ ಸರಿಯಾಗಿ ಹೋಗ್ತಿರಲಿಲ್ಲ. ಒಂದು ಸಲ ಕ್ಲಾಸ್ ತಪ್ಪಿಸಿ ಹಿಮದ ಮೇಲೆ ಜಾರಾಡ್ತಿದ್ದೆ ಅಂತ ಅಧ್ಯಾಪಕರ ಮುಂದೆ ನೇರವಾಗೇ ಹೇಳಿದ. ತಪ್ಪಿಸಿದ್ದಕ್ಕೆ ದಂಡ 2 ಪೆನ್ಸ್. ಆ ಪಾಠಕ್ಕೆ ಒಂದು ಪೆನ್ನಿ ಬೆಲೆಯೂ ಇಲ್ಲ ಅನ್ನೋದು ಅವನ ಲೆಕ್ಕ! ಗೇಟಿನ ಹತ್ತಿರ ಹುಡುಗರ ಗುಂಪು ಸೇರಿಸಿ ನಗಿಸೋನು, ಮೇಷ್ಟ್ರುಗಳನ್ನ ಅಣಕಿಸೋನು. ನೋಡಿದವರಿಗೆಲ್ಲ ಇವನಷ್ಟು ಖುಷಿಯಾಗಿರೋನು ಕಾಲೇಜಲ್ಲೇ ಇಲ್ಲ ಅನ್ಸಿತ್ತು. ಎಷ್ಟೋ ವರ್ಷ ಆದ ಮೇಲೆ ಇದನ್ನ ಯಾರೋ ಜ್ಞಾಪಿಸಿದಾಗ, ಅದು ಖುಷಿಯಲ್ಲ, ಒಳಗಿನ ಕಹಿ, ಜನ ಅದನ್ನ ಚೇಷ್ಟೆ ಅಂದುಕೊಂಡರು ಅಂತ ತಾನೇ ಒಪ್ಪಿಕೊಂಡ. ಕಡುಬಡತನ ಇತ್ತು, ಬುದ್ಧಿ ಒಂದರಿಂದಲೇ ಗೆದ್ದುಬಿಡ್ತೀನಿ ಅನ್ನೋ ಹಠ ಇತ್ತು. ನಿಮ್ಮ ಸ್ಟೇಟಸ್, ನಿಮ್ಮ ರೀಲ್ಸ್ ನೋಡುವಾಗ ನನಗೆ ಇದು ನೆನಪಾಗುತ್ತೆ.

ಈಗ ಶೂ ವಿಷಯ. ಹತ್ತಿರದ ಕ್ರೈಸ್ಟ್ ಚರ್ಚ್ ಕಾಲೇಜಲ್ಲಿ ಜಾನ್ ಟೇಲರ್ ಅಂತ ಅವನ ಶಾಲೆಯ ಗೆಳೆಯ ಓದ್ತಿದ್ದ. ಅಲ್ಲಿ ಪಾಠ ಚೆನ್ನಾಗಿತ್ತು. ಅದಕ್ಕೆ ಜಾನ್ಸನ್ ದಿನಾ ಅಲ್ಲಿಗೆ ಹೋಗಿ ಗೆಳೆಯನಿಂದ ಪಾಠ ಕೇಳಿಕೊಂಡು ಬರ್ತಿದ್ದ. ಅವನ ಶೂ ಹರಿದು ಕಾಲ್ಬೆರಳು ಆಚೆ ಬಂದಿತ್ತು. ಕ್ರೈಸ್ಟ್ ಚರ್ಚ್‌ನ ಶ್ರೀಮಂತ ಹುಡುಗರು ಅದನ್ನ ನೋಡ್ತಿದ್ದಾರೆ ಅಂತ ಒಂದಿನ ಗೊತ್ತಾಯ್ತು. ಅವತ್ತಿಂದ ಅಲ್ಲಿಗೆ ಹೋಗೋದೇ ನಿಲ್ಲಿಸಿದ. ಆಮೇಲೆ ಯಾರೋ ಹೆಸರು ಹೇಳದೆ ಅವನ ಬಾಗಿಲ ಮುಂದೆ ಒಂದು ಜೊತೆ ಹೊಸ ಶೂ ಇಟ್ಟು ಹೋದರು. ಬೆಳಿಗ್ಗೆ ಬಾಗಿಲು ತೆಗೆದು ನೋಡಿದವನು ಅದನ್ನ ಎತ್ತಿ ಬಿಸಾಡಿಬಿಟ್ಟ.

ಇದು ಸರಿ ಅಂತ ನಾನು ಹೇಳಲ್ಲ, ತಪ್ಪು ಅಂತ ಹೇಳೋಕೂ ಬಾಯಿ ಬರಲ್ಲ. ಯಾಕೆ ಅಂತ ಹೇಳ್ತೀನಿ. ನಾನು ಬೈಬಲ್ ಕಾಲೇಜಿಗೆ ಹೋಗೋ ಮುಂಚೆ ಬಿ.ಇ. ಓದ್ತಿದ್ದೆ. ಇದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಪಾಸ್ಟರ್ ಏನು ಓದಿದ್ದೀರ ಅಂತ ಯಾರಾದರೂ ಕೇಳಿದರೆ ಡಿಪ್ಲೊಮಾ ಇನ್ ಥಿಯಾಲಜಿ ಅಂದು ಅಲ್ಲಿಗೇ ನಿಲ್ಲಿಸ್ತೀನಿ. ನಮ್ಮಪ್ಪ ಗೂಡ್ಸ್ ಟೆಂಪೊ ಓಡಿಸ್ತಿದ್ದರು. ಮೂರನೇ ಸೆಮಿಸ್ಟರಲ್ಲಿ ಅವರಿಗೆ ಕಾಲು ಮುರೀತು, ಆರು ತಿಂಗಳು ಗಾಡಿ ನಿಂತೇ ಇತ್ತು. ಆಗ ನಾವು ಹೋಗ್ತಿದ್ದ ಸಭೆಯಲ್ಲಿ ನನ್ನ ಫೀಸಿಗೆ ಕಾಣಿಕೆ ಎತ್ತಿದರು. ಒಳ್ಳೇ ಮನಸ್ಸಿಂದಲೇ ಎತ್ತಿದರು. ಆದರೆ ಭಾನುವಾರ ಆರಾಧನೆಯಲ್ಲಿ ನನ್ನನ್ನ ಮುಂದೆ ಕರೆದು, ಬಡ ಸಹೋದರನಿಗೆ 11,000 ರೂಪಾಯಿ ಅಂತ ಮೈಕಲ್ಲಿ ಹೇಳಿ, ಕವರ್ ಕೊಟ್ಟು, ಫೋಟೊ ತೆಗೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕ್ಲಾಸಿನ ಒಬ್ಬ ಹುಡುಗಿ ಆ ಸಭೆಗೇ ಬರ್ತಿದ್ದಳು. ಕವರ್ ತಗೊಂಡೆ, ಫೀಸೂ ಕಟ್ಟಿದೆ. ಮತ್ತೆ ಆ ಸಭೆಗೆ ಹೋಗಲಿಲ್ಲ. ಮುಂದಿನ ಸೆಮಿಸ್ಟರಿಗೆ ಯಾರನ್ನೂ ಕೇಳದೆ ಕಾಲೇಜು ಬಿಟ್ಟೆ. ಬಾಕಿ ಇದೆ ಅಂತ ಮಾರ್ಕ್ಸ್‌ಕಾರ್ಡ್ ಕೊಡಲಿಲ್ಲ, ಅದನ್ನ ಬಿಡಿಸಿಕೊಳ್ಳೋಕೆ ಒಂದೂವರೆ ವರ್ಷ ನೈಟ್ ಶಿಫ್ಟ್ ಮಾಡಿದೆ. ಶೂ ಬಿಸಾಡಿದ ಕಥೆ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅದೇ ಆಕ್ಸ್‌ಫರ್ಡಲ್ಲಿ ಇನ್ನೊಂದು ವಿಷಯ ನಡೀತು. ವಿಲಿಯಂ ಲಾ ಅನ್ನೋ ದೇವಭಕ್ತರು ಬರೆದ ಒಂದು ಹೊಸ ಪುಸ್ತಕ, ಭಕ್ತಿಯ ಜೀವನಕ್ಕೆ ಗಂಭೀರ ಕರೆ ಅನ್ನೋ ಅರ್ಥದ ಹೆಸರು, ಅವನ ಕೈಗೆ ಸಿಕ್ತು. ಬೋರ್ ಹೊಡೆಸುತ್ತೆ, ಸ್ವಲ್ಪ ನಗಬಹುದು ಅಂತ ತೆಗೆದ. ಆದರೆ ಆ ಪುಸ್ತಕದ ಮುಂದೆ ತಾನೇ ಸೋತ. ದೇವರ ವಿಷಯವನ್ನ ಮನಸ್ಸಿಟ್ಟು ಯೋಚಿಸೋಕೆ ಶುರುಮಾಡಿದ್ದು ಅಲ್ಲಿಂದಲೇ. ಇದೇ ಪುಸ್ತಕ ಜಾನ್ ವೆಸ್ಲಿಯವರನ್ನೂ ಹಿಡಿದಿತ್ತು. ನೋಡಿ, 1729ರ ಕೊನೆಯಲ್ಲಿ ವೆಸ್ಲಿ ಆಕ್ಸ್‌ಫರ್ಡಿಗೆ ವಾಪಸ್ ಬಂದು ತಮ್ಮನ ಜೊತೆ ಆ ಚಿಕ್ಕ ಪ್ರಾರ್ಥನಾ ಗುಂಪನ್ನ ನಡೆಸೋಕೆ ಶುರುಮಾಡ್ತಾರೆ. ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಜಾನ್ಸನ್ ಊರು ಬಿಡ್ತಾನೆ. ಮೂರು ವರ್ಷ ಕಳೆದು, 1732ರಲ್ಲಿ, ಜಾನ್ಸನ್ ಬಿಟ್ಟ ಅದೇ ಪೆಂಬ್ರೋಕ್ ಕಾಲೇಜಿಗೆ ಜಾರ್ಜ್ ವೈಟ್‌ಫೀಲ್ಡ್ ಬರ್ತಾರೆ. ಅವರೂ ಬಡವರೇ. ಆದರೆ ಅವರು ಸರ್ವಿಟರ್ ಆಗಿ ಸೇರಿದರು, ಅಂದರೆ ಶ್ರೀಮಂತ ವಿದ್ಯಾರ್ಥಿಗಳ ಚಾಕರಿ ಮಾಡಿ ಫೀಸ್ ಉಳಿಸಿಕೊಳ್ಳೋರು. ಚಿಕ್ಕವರಿದ್ದಾಗ ಅಮ್ಮನ ಹೋಟೆಲಲ್ಲಿ ಕೆಲಸ ಮಾಡಿ ಅಭ್ಯಾಸ ಇತ್ತು ಅವರಿಗೆ. ಜಾನ್ಸನ್‌ಗೆ ಆ ದಾರಿ ಸಾಧ್ಯವೇ ಇರಲಿಲ್ಲ, ಅವನ ಸ್ವಭಾವ ಬೇರೆ. ವೈಟ್‌ಫೀಲ್ಡ್ ಕಥೆಯನ್ನ ನಾವು ಪುಲ್ಪಿಟಲ್ಲಿ ಬಹಳ ಹೇಳ್ತೀವಿ. ಅದೇ ಗೇಟಿಂದ ಡಿಗ್ರಿ ಇಲ್ಲದೆ ಆಚೆ ಹೋದವನ ಕಥೆ ಹೇಳಲ್ಲ.

1729ರ ಡಿಸೆಂಬರಲ್ಲಿ ಆಚೆ ಹೋದ. ಒಟ್ಟು 13 ತಿಂಗಳು. ಪುಸ್ತಕಗಳನ್ನ ಅಲ್ಲೇ ಬಿಟ್ಟು ಹೋದ, ವಾಪಸ್ ಬರ್ತೀನಿ ಅನ್ನೋ ಆಸೆ ಇತ್ತು. ಬರಲಿಲ್ಲ. ಕಟ್ಟಿದ್ದ 7 ಪೌಂಡ್ ಡಿಪಾಸಿಟ್ ಬಾಕಿಗೇ ಹೋಯ್ತು.

ಮುಂದಿನ ಎರಡು ವರ್ಷ ಕತ್ತಲೆ. ಬೆಳಿಗ್ಗೆ ಏಳೋಕೆ ಆಗ್ತಿರಲಿಲ್ಲ, ಗಡಿಯಾರ ನೋಡಿದರೂ ಎಷ್ಟು ಗಂಟೆ ಅಂತ ತಲೆಗೆ ಹತ್ತುತ್ತಿರಲಿಲ್ಲ. ಹುಚ್ಚು ಹಿಡಿಯುತ್ತೇನೋ ಅನ್ನೋ ಭಯ. ಇಷ್ಟಾದರೂ ಲಿಚ್‌ಫೀಲ್ಡಿಂದ ಬರ್ಮಿಂಗ್‌ಹ್ಯಾಮ್‌ವರೆಗೆ ನಡೆದು ಹೋಗಿ ನಡೆದೇ ವಾಪಸ್ ಬರ್ತಿದ್ದ, ಸುಮಾರು 50 ಕಿಲೋಮೀಟರ್, ಮನಸ್ಸು ಸ್ವಲ್ಪ ಹತೋಟಿಗೆ ಬರಲಿ ಅಂತ. ತನ್ನ ಸ್ಥಿತಿಯನ್ನೆಲ್ಲ ಲ್ಯಾಟಿನ್ ಭಾಷೆಯಲ್ಲಿ ಬರೆದು ತನ್ನ ಗಾಡ್‌ಫಾದರ್ ಆಗಿದ್ದ ವೈದ್ಯರಿಗೆ ಕೊಟ್ಟ. ಅವರು ಬರಹ ಎಷ್ಟು ಚೆನ್ನಾಗಿದೆ ಅಂತ ಮೆಚ್ಚಿ ಬೇರೆಯವರಿಗೂ ತೋರಿಸಿಬಿಟ್ಟರು. ಜಾನ್ಸನ್ ಆ ನೋವನ್ನ ಮರೀಲಿಲ್ಲ. ಸಹೋದರರೇ, ನಾವು ಪ್ರಾರ್ಥನಾ ವಿಷಯ ಅಂತ ಹೆಸರಿಟ್ಟು ವಾಟ್ಸಾಪ್ ಗ್ರೂಪಿಗೆ ಹಾಕ್ತೀವಲ್ಲ, ಅದೂ ಇದೇ ಕೆಲಸ. ಮತ್ತೆ ಇನ್ನೊಂದು ಮಾತು, ನಿಮ್ಮಲ್ಲಿ ಯಾರಿಗಾದರೂ ಹೀಗೆ ಏಳೋಕೇ ಆಗದ ಹಾಗೆ ಆಗಿದ್ದರೆ ನನ್ನ ಹತ್ತಿರ ಬನ್ನಿ, ಪ್ರಾರ್ಥನೆ ಮಾಡ್ತೀನಿ, ಡಾಕ್ಟರ್ ಹತ್ತಿರಕ್ಕೂ ನಾನೇ ಕರ್ಕೊಂಡು ಹೋಗ್ತೀನಿ. ಎರಡೂ ಬೇಕು.

1731ರ ಡಿಸೆಂಬರಲ್ಲಿ ಅಪ್ಪ ತೀರಿಕೊಂಡ. ಮಗನ ಪಾಲಿಗೆ ಬಂದಿದ್ದು 20 ಪೌಂಡ್. ಅಪ್ಪನ ಬಗ್ಗೆ ಒಂದು ಸಂಗತಿ ಇದೆ, ಅದನ್ನ ಆಮೇಲೆ ಹೇಳ್ತೀನಿ.

ಆಮೇಲೆ ಕೆಲಸದ ಹುಡುಕಾಟ. ಡಿಗ್ರಿ ಇಲ್ಲದವನಿಗೆ ಏನು ಸಿಗುತ್ತೋ ಅದೇ ಸಿಕ್ತು, ಮಾರ್ಕೆಟ್ ಬಾಸ್ವರ್ತ್ ಅನ್ನೋ ಊರಲ್ಲಿ ಸಹಾಯಕ ಮೇಷ್ಟ್ರ ಕೆಲಸ. ಅಲ್ಲಿನ ಅವಮಾನ ತಡೀಲಾರದೆ ಕೆಲವೇ ತಿಂಗಳಲ್ಲಿ ಬಿಟ್ಟ. ಸೋಲಿಹಲ್ ಶಾಲೆಯವರು, ಇವನು ಗರ್ವಿಷ್ಠ, ಮೇಲಾಗಿ ಇವನ ಮುಖ ಸೊಟ್ಟಗಾಗೋದನ್ನ ನೋಡಿ ಮಕ್ಕಳೂ ಕಲಿತಾರೆ ಅಂತ ಬೇಡ ಅಂದರು. 1735ರಲ್ಲಿ ಎಲಿಜಬೆತ್ ಪೋರ್ಟರ್ ಅನ್ನೋ ವಿಧವೆಯನ್ನ ಮದುವೆಯಾದ. ಇವನಿಗೆ 25, ಆಕೆಗೆ 46. ಊರಿಗೆಲ್ಲ ನಗು. ಆದರೆ ಈ ವಿಕಾರ ಮುಖದ ಹುಡುಗನ ಮಾತು ಕೇಳಿ, ಇಷ್ಟು ತಿಳುವಳಿಕೆಯ ಮನುಷ್ಯನನ್ನ ತಾನು ಕಂಡೇ ಇಲ್ಲ ಅಂತ ಮಗಳ ಹತ್ತಿರ ಹೇಳಿದವಳು ಆಕೆಯೇ. ಆಕೆಯ ಹಣದಲ್ಲಿ ಎಡಿಯಲ್ ಅನ್ನೋ ಕಡೆ ಸ್ವಂತ ಶಾಲೆ ತೆಗೆದ. ಬೆರಳೆಣಿಕೆಯ ಹುಡುಗರು ಬಂದರು, ಶಾಲೆ ಮುಚ್ಚಿತು. 1737ರಲ್ಲಿ ತನ್ನ ವಿದ್ಯಾರ್ಥಿ ಡೇವಿಡ್ ಗ್ಯಾರಿಕ್ ಜೊತೆ ಲಂಡನ್‌ಗೆ ಹೊರಟ. ಆ ಗ್ಯಾರಿಕ್ ಮುಂದೆ ಇಂಗ್ಲೆಂಡಿನ ದೊಡ್ಡ ನಟ ಆದ, ಅದು ಬೇರೆ ಕಥೆ.

ಲಂಡನಲ್ಲಿ ಪತ್ರಿಕೆಗೆ ಬರೆದು ಹೊಟ್ಟೆ ಹೊರೆದ. 1739ರ ಸುಮಾರಿಗೆ ಆಪಲ್‌ಬಿ ಶಾಲೆಯಲ್ಲಿ ಹೆಡ್‌ಮಾಸ್ಟರ್ ಕೆಲಸ ಖಾಲಿ ಇತ್ತು. ವರ್ಷಕ್ಕೆ 60 ಪೌಂಡ್. ಎಂ.ಎ. ಇರಲೇಬೇಕು ಅನ್ನೋದು ನಿಯಮ. ಗೆಳೆಯರು ಓಡಾಡಿದರು. ಗವರ್ ಪ್ರಭು ಒಬ್ಬರ ಮೂಲಕ ಜೊನಾಥನ್ ಸ್ವಿಫ್ಟ್‌ಗೆ, ಅದೇ ಗಲಿವರನ ಕಥೆ ಬರೆದವರಿಗೆ, ಡಬ್ಲಿನ್ ಯೂನಿವರ್ಸಿಟಿಯಿಂದ ಒಂದು ಎಂ.ಎ. ಕೊಡಿಸಿ ಅಂತ ಮನವಿ ಹೋಯ್ತು. ಏನೂ ಆಗಲಿಲ್ಲ. ಹತ್ತು ವರ್ಷದ ಹಿಂದೆ ಕಟ್ಟೋಕಾಗದ ಫೀಸು ಇಲ್ಲಿವರೆಗೂ ಬೆನ್ನು ಬಿಟ್ಟಿರಲಿಲ್ಲ. ಡಿಗ್ರಿ ಇಲ್ಲದಿದ್ದರೂ ಪರವಾಗಿಲ್ಲ, ದೇವರು ಬಾಗಿಲು ತೆರೀತಾನೆ ಅಂತ ಸುಲಭವಾಗಿ ಹೇಳೋ ಬೋಧಕರು ಈ ಹತ್ತು ವರ್ಷವನ್ನ ಲೆಕ್ಕಕ್ಕೆ ತಗೋಬೇಕು. ನಾನೂ ಹಾಗೆ ಹೇಳಿದ್ದೀನಿ, ಅದಕ್ಕೆ ಹೇಳ್ತಿದ್ದೀನಿ.

ಇಷ್ಟು ಹೊತ್ತು ಅವನು ಅವನು ಅಂದೆ. ಇನ್ಮೇಲೆ ಅವರು ಅನ್ನೋಣ. ದೊಡ್ಡ ಮನುಷ್ಯ ಆದರು ಅಂತ ಅಲ್ಲ, ವಯಸ್ಸಾಯ್ತು ಅಂತ.

1746ರಲ್ಲಿ ಲಂಡನಿನ ಪುಸ್ತಕ ವ್ಯಾಪಾರಿಗಳು ಒಟ್ಟಾಗಿ ಒಂದು ಇಂಗ್ಲಿಷ್ ನಿಘಂಟು ಮಾಡಿಕೊಡಿ ಅಂತ ಒಪ್ಪಂದ ಮಾಡಿಕೊಂಡರು. 1,500 ಗಿನಿ, ಅಂದರೆ 1,575 ಪೌಂಡ್. ಮೂರು ವರ್ಷದಲ್ಲಿ ಮುಗಿಸ್ತೀನಿ ಅಂದರು. ಫ್ರೆಂಚರಿಗೆ ಇಂಥದ್ದೇ ಕೆಲಸಕ್ಕೆ 40 ಜನ ಪಂಡಿತರು, ಹತ್ತಾರು ವರ್ಷ ಬೇಕಾಗಿತ್ತು. ಗಾಫ್ ಸ್ಕ್ವೇರ್ ಅನ್ನೋ ಕಡೆ ಬಾಡಿಗೆ ಮನೆ, ಮೇಲಿನ ಅಟ್ಟದಲ್ಲಿ ಉದ್ದದ ಮೇಜು, ನಕಲು ಮಾಡೋಕೆ ಆರು ಜನ ಸಹಾಯಕರು. ಒಂದೇ ಕಣ್ಣಲ್ಲಿ ಸರಿಯಾಗಿ ಕಾಣೋ ಮನುಷ್ಯ ನೂರಾರು ಪುಸ್ತಕ ಓದಿ, ಬೇಕಾದ ವಾಕ್ಯದ ಪಕ್ಕ ಪೆನ್ಸಿಲ್ ಗುರುತು ಹಾಕೋರು, ಸಹಾಯಕರು ಅದನ್ನ ಚೀಟಿಗೆ ಇಳಿಸೋರು. ಮೂರು ವರ್ಷ ಅಂದಿದ್ದು ಒಂಬತ್ತು ವರ್ಷದ ಹತ್ತಿರ ಆಯ್ತು. ಮಧ್ಯದಲ್ಲಿ, 1752ರಲ್ಲಿ, ಹೆಂಡತಿ ತೀರಿಕೊಂಡರು. 1755ರ ಏಪ್ರಿಲಲ್ಲಿ ನಿಘಂಟು ಹೊರಬಂದಾಗ ಅದರಲ್ಲಿ 42,000ಕ್ಕೂ ಹೆಚ್ಚು ಪದ, ಉದಾಹರಣೆಗಳೇ ಸುಮಾರು 1,14,000.

ನಮ್ಮ ಕಡೆ ಎಂ.ಜಿ. ರೋಡಲ್ಲಿ ಮೇಯೋ ಹಾಲ್ ಹತ್ತಿರ ಕಿಟೆಲ್ ಅವರ ಪ್ರತಿಮೆ ನೋಡಿದ್ದೀರಲ್ಲ? ಬಾಸೆಲ್ ಮಿಷನ್‌ನಿಂದ ಬಂದವರು, 1894ರಲ್ಲಿ ಕನ್ನಡಕ್ಕೆ ಸುಮಾರು 70,000 ಪದಗಳ ನಿಘಂಟು ಕೊಟ್ಟವರು. ಆ ದಪ್ಪ ಪುಸ್ತಕ ಒಮ್ಮೆ ಕೈಯಲ್ಲಿ ಎತ್ತಿ ನೋಡಿ, ನಿಘಂಟು ಮಾಡೋದು ಅಂದರೆ ಏನು ಅಂತ ಗೊತ್ತಾಗುತ್ತೆ.

ನಿಘಂಟು ಅಚ್ಚಾಗೋ ಮುಂಚೆ, 1754ರಲ್ಲಿ, ಜಾನ್ಸನ್ ಅವರು ಆಕ್ಸ್‌ಫರ್ಡಿಗೆ ಹೋದರು. 25 ವರ್ಷ ಆಗಿತ್ತು. ಪೆಂಬ್ರೋಕ್ ಕಾಲೇಜಿನ ಮುಖ್ಯಸ್ಥರು ತಣ್ಣಗೆ ಮಾತಾಡಿಸಿದರು, ಊಟಕ್ಕೂ ಕರೀಲಿಲ್ಲ. ಗುರುತು ಹಿಡಿದು ಪ್ರೀತಿಯಿಂದ ಮಾತಾಡಿಸಿದ್ದು ಯಾರು ಗೊತ್ತಾ? ಅಡುಗೆಮನೆ, ಉಗ್ರಾಣ ನೋಡಿಕೊಳ್ಳೋ ಹಳೇ ಕೆಲಸಗಾರರು. ಅದಕ್ಕೆ ಅವರಿಗೆ ಬಹಳ ಸಂತೋಷ ಆಯ್ತು. ಮೀಕ್ ಅನ್ನೋ ಹಳೇ ಸಹಪಾಠಿಯೂ ಸಿಕ್ಕರು. ಓದುವಾಗ ಆ ಮೀಕ್ ಎಷ್ಟು ಜಾಣ ಅಂದರೆ, ಅವನು ಪಾಠ ಒಪ್ಪಿಸೋದು ಕಿವಿಗೆ ಬೀಳಬಾರದು ಅಂತ ಜಾನ್ಸನ್ ದೂರ ಹೋಗಿ ಕೂತ್ಕೋತಿದ್ದರಂತೆ, ಅಷ್ಟು ಹೊಟ್ಟೆಕಿಚ್ಚು. ಮೀಕ್ ಅಲ್ಲೇ ಕಾಲೇಜಿನ ಫೆಲೋ ಆಗಿ ಉಳಿದಿದ್ದರು. ನೆಮ್ಮದಿಯ ಜೀವನ, ಆದರೆ ಹೊರಗೆ ಯಾರಿಗೂ ಹೆಸರು ಗೊತ್ತಿಲ್ಲ.

1755ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್ ತಾನಾಗೇ ಎಂ.ಎ. ಕೊಡ್ತು, ನಿಘಂಟಿನ ಮೊದಲ ಪುಟದಲ್ಲಿ ಹೆಸರಿನ ಮುಂದೆ ಹಾಕೋಕೆ ಸರಿಯಾಗಿ. 45 ವರ್ಷದ ಮನುಷ್ಯನಿಗೆ ಎಂ.ಎ. ಅವರಿಗೆ ಅದು ಬಹಳ ಬೇಕಾಗಿತ್ತು, ಮುಚ್ಚಿಡಲೂ ಇಲ್ಲ. 1765ರಲ್ಲಿ ಡಬ್ಲಿನ್, ಅಂದು ಎಂ.ಎ. ಕೊಡದ ಅದೇ ಡಬ್ಲಿನ್, ಡಾಕ್ಟರೇಟ್ ಕೊಡ್ತು. 1775ರಲ್ಲಿ ಆಕ್ಸ್‌ಫರ್ಡ್ ಕೂಡ ಕೊಡ್ತು.

ಇಲ್ಲಿಗೆ ನಿಲ್ಲಿಸಿದರೆ ಸಾಕ್ಷಿ ಚೆನ್ನಾಗಿರುತ್ತೆ, ಹಲ್ಲೆಲೂಯಾ ಅಂತೀರ. ಆದರೆ 1756ರಲ್ಲಿ, ಎಂ.ಎ. ಬಂದ ಮುಂದಿನ ವರ್ಷವೇ, 5 ಪೌಂಡ್ 18 ಷಿಲಿಂಗ್ ಸಾಲಕ್ಕೆ ಅವರನ್ನ ಹಿಡಿದರು. ರಿಚರ್ಡ್‌ಸನ್ ಅನ್ನೋ ಕಾದಂಬರಿಕಾರರು ಹಣ ಕಳಿಸಿ ಬಿಡಿಸಿದರು. 1759ರಲ್ಲಿ ತಾಯಿ ತೀರಿಕೊಂಡಾಗ ಮಣ್ಣು ಮಾಡೋ ಖರ್ಚಿಗೂ ಅವರ ಚಿಕ್ಕ ಸಾಲಗಳಿಗೂ ದುಡ್ಡಿರಲಿಲ್ಲ, ಒಂದು ವಾರದ ಸಂಜೆಗಳಲ್ಲಿ ರಾಸೆಲಾಸ್ ಅನ್ನೋ ಪುಸ್ತಕ ಬರೆದು ಹಣ ಹೊಂದಿಸಿದರು. ಜೇಬಲ್ಲಿ ದುಡ್ಡು ನಿಂತಿದ್ದು 1762ರಲ್ಲಿ, ರಾಜನಿಂದ ವರ್ಷಕ್ಕೆ 300 ಪೌಂಡ್ ಪಿಂಚಣಿ ಬಂದ ಮೇಲೆ. ಆಗ 52 ವರ್ಷ.

ಬಂದ ದುಡ್ಡು ಎಲ್ಲಿ ಹೋಯ್ತು? ಕಣ್ಣು ಕಾಣದ ಆನಾ ವಿಲಿಯಮ್ಸ್, ಬಡವರಿಗೆ ಔಷಧಿ ಕೊಡ್ತಿದ್ದ ರಾಬರ್ಟ್ ಲೆವೆಟ್, ಇಂಥವರಿಗೆಲ್ಲ ಅವರ ಮನೆಯೇ ಆಶ್ರಯ. ರಾತ್ರಿ ರಸ್ತೆ ಬದಿ ಮಲಗಿದ್ದ ಮಕ್ಕಳ ಕೈಯಲ್ಲಿ, ಅವರು ಎದ್ದಾಗ ತಿಂಡಿಗೆ ಆಗಲಿ ಅಂತ, ಎಬ್ಬಿಸದೆ ಒಂದೊಂದು ಪೆನ್ನಿ ಇಟ್ಟು ಹೋಗೋರು. ನನಗೆ ಆ ಬಾಗಿಲ ಮುಂದಿನ ಶೂ ನೆನಪಾಗುತ್ತೆ. ಜಮೈಕಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಫ್ರಾನ್ಸಿಸ್ ಬಾರ್ಬರ್ ಅನ್ನೋ ಹುಡುಗ ಅವರ ಮನೆಯಲ್ಲಿ ಬೆಳೆದ. ಅವನು 20 ದಾಟಿದ ಮೇಲೂ ಅವನನ್ನ ಶಾಲೆಗೆ ಕಳಿಸಿದರು, ವರ್ಷಗಟ್ಟಲೆ ಫೀಸ್ ಕಟ್ಟಿದರು. ಕೆಲಸದವನಿಗೆ ಗ್ರೀಕು ಲ್ಯಾಟಿನ್ ಯಾಕೆ ಅಂತ ಗೆಳೆಯರು ಆಡಿಕೊಂಡರು. ಅವರು ಕೇಳಲಿಲ್ಲ. ಉಯಿಲಲ್ಲೂ ಅವನಿಗೆ ವರ್ಷಕ್ಕೆ 70 ಪೌಂಡ್ ಸಿಗೋ ಹಾಗೆ ಬರೆದರು.

ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ತಾನು ರಕ್ಷಿಸಲ್ಪಟ್ಟಿದ್ದೀನಾ ಅನ್ನೋ ಭಯ ಕೊನೆಯವರೆಗೂ ಇತ್ತು. ತಲಾಂತುಗಳ ಸಾಮ್ಯ ಅವರನ್ನ ಕಾಡ್ತಿತ್ತು. ಕೊಟ್ಟಿದ್ದನ್ನ ಮಣ್ಣಲ್ಲಿ ಹೂತಿಟ್ಟ ಆಳು ತಾನೇ ಅಂತ ಹೆದರೋರು. ಪ್ರತಿ ಹೊಸ ವರ್ಷ, ಪ್ರತಿ ಈಸ್ಟರಿಗೆ ಬೆಳಿಗ್ಗೆ ಬೇಗ ಏಳ್ತೀನಿ ಅಂತ ಪ್ರಾರ್ಥನೆ ಬರೆದುಕೊಳ್ಳೋರು, ಏಳ್ತಿರಲಿಲ್ಲ. ಮತ್ತೆ ಬರೆಯೋರು.

ಅಪ್ಪನ ವಿಷಯ ಹೇಳ್ತೀನಿ ಅಂದಿದ್ದೆ. ಆಕ್ಸ್‌ಫರ್ಡ್ ಬಿಟ್ಟು ಮನೆಗೆ ಬಂದಿದ್ದ ದಿನಗಳು. ಮೈಕೆಲ್ ಜಾನ್ಸನ್ ಸಂತೆ ಸಂತೆಗೆ ಹೋಗಿ ಪುಸ್ತಕದ ಅಂಗಡಿ ಹಾಕ್ತಿದ್ದರು. ಯುಟಾಕ್ಸಿಟರ್ ಅನ್ನೋ ಊರಲ್ಲೂ ಹಾಕ್ತಿದ್ದರು. ಒಂದಿನ ಅವರಿಗೆ ಮೈ ಸರಿಯಿರಲಿಲ್ಲ, ನನ್ನ ಬದಲು ಹೋಗಿ ಅಂಗಡಿ ನೋಡಿಕೋ ಅಂತ ಮಗನನ್ನ ಕೇಳಿದರು. ಮಗ ಆಗಲ್ಲ ಅಂದ. ಆಕ್ಸ್‌ಫರ್ಡಲ್ಲಿ ಓದಿ ಬಂದವನು ಸಂತೆಯಲ್ಲಿ ನಿಲ್ಲೋದಾ ಅನ್ನೋ ಗರ್ವ. ಅಪ್ಪ ಮರುಮಾತಾಡಲಿಲ್ಲ. ಸ್ವಲ್ಪ ಕಾಲದಲ್ಲೇ ತೀರಿಕೊಂಡರು.

ಸುಮಾರು 50 ವರ್ಷ ಕಳೀತು. ಡಾಕ್ಟರ್ ಜಾನ್ಸನ್ 70 ದಾಟಿದ ಮುದುಕ, ಇಂಗ್ಲೆಂಡಿಗೆಲ್ಲ ಗೊತ್ತಿದ್ದ ಹೆಸರು. ಒಂದಿನ ಬೆಳಿಗ್ಗೆ ಯಾರಿಗೂ ಹೇಳದೆ ಗಾಡಿ ಮಾಡಿಕೊಂಡು ಯುಟಾಕ್ಸಿಟರಿಗೆ ಹೋದರು. ಅವತ್ತು ಮಳೆ. ಸಂತೆಯ ಮಧ್ಯೆ, ಅಪ್ಪ ಅಂಗಡಿ ಹಾಕ್ತಿದ್ದ ಜಾಗಕ್ಕೆ ಹೋಗಿ, ಟೋಪಿ ತೆಗೆದು, ಬರಿತಲೆಯಲ್ಲಿ ಬಹಳ ಹೊತ್ತು ನಿಂತರು. ಜನ ನೋಡ್ತಾ ಹೋದರು, ಕೆಲವರು ನಕ್ಕರು. ಅವರು ನಿಂತೇ ಇದ್ದರು. 1784ರ ಡಿಸೆಂಬರ್ 13ರಂದು ಅವರು ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡಿದರು. ಯುಟಾಕ್ಸಿಟರಿನ ಸಂತೆ ಬೀದಿಯಲ್ಲಿ, ತಲೆ ತಗ್ಗಿಸಿ ಮಳೆಯಲ್ಲಿ ನಿಂತ ಆ ಮುದುಕನ ಕೆತ್ತನೆ ಈಗಲೂ ಇದೆ.

ಎದ್ದು ನಿಲ್ಲೋಣ. ಕೀಬೋರ್ಡ್ ಬ್ರದರ್, ಸದ್ಯಕ್ಕೆ ಬೇಡ. ಕಾಲೇಜಿನ ವಿಷಯ, ಫೀಸಿನ ವಿಷಯ, ಮೈಗೆ ಹುಷಾರಿಲ್ಲದ ವಿಷಯ ಮನೆಯಲ್ಲಿ ಇನ್ನೂ ಹೇಳದೇ ಇರೋರು ಯಾರಾದರೂ ಇದ್ದರೆ ಕೈ ಎತ್ತಬೇಡಿ, ಮುಂದೆಯೂ ಬರಬೇಡಿ. ಎಲ್ಲರೂ ಕಣ್ಣು ಮುಚ್ಚಿರ್ತೀವಿ. ಹಿಂದಿನ ಬಾಗಿಲು ತೆರೆದಿದೆ. ಮೆಟ್ಟಿಲ ಹತ್ತಿರ ಹೋಗಿ ಅಪ್ಪನಿಗೋ ಅಮ್ಮನಿಗೋ ಒಂದು ಫೋನ್ ಮಾಡಿ ಬನ್ನಿ. ನೀವು ಬರೋವರೆಗೂ ನಾವು ಪ್ರಾರ್ಥನೆಯಲ್ಲಿ ಇರ್ತೀವಿ.